ಟವರಿನ ಬುಡದಲ್ಲಿ ಕೂತ ಮಾಲಿಂಗಪ್ಪ

ಗೋಕಾಕದ ಗುಡ್ಡದ ಮೇಲೆ ಟೀವಿ ಟವರು ಎದ್ದಾಗ, ದೇವರಿಗೂ ಮುಖ ತೋರಿಸದವರ ಮನೆಯ ಆಂಟೆನಾಗಳು ಆ ಗುಡ್ಡಕ್ಕೆ ಮುಖ ಮಾಡಿ ನಿಂತವು. ಹುಕ್ಕೇರಿಯವರದು ಮೂಡಣಕ್ಕೆ, ಮೂಡಲಗಿಯವರದು ಪಡುವಣಕ್ಕೆ. ಗಾಳಿ ಬೀಸಿದರೆ ಒಬ್ಬ ಮಾಳಿಗೆ ಏರಿ ಕೊಳವೆ ತಿರುವಬೇಕು, ಕೆಳಗಿನವರು "ಬಂತು, ಹೋತು" ಅನ್ನಬೇಕು.

ಮಮದಾಪುರದ ಕುರಿಗಾರ ಮಾಲಿಂಗಪ್ಪನಿಗೆ ಟೀವಿಯೂ ಇರಲಿಲ್ಲ, ಮಾಳಿಗೆಯೂ ಇರಲಿಲ್ಲ. ಆದರೆ ಟವರಿನ ತಂತಿಬೇಲಿಗೆ ಬೆನ್ನು ಕೊಟ್ಟು ಕುರಿ ಕಾಯುವಾಗ, ಅದನ್ನು ತಾನೇ ನಿಲ್ಲಿಸಿದವನ ಗತ್ತು.

ಹೆಂಡತಿ ಹಣಮವ್ವ ಡೊಳ್ಳಿನ ಪದ ಹಾಡುವಾಕೆ. ಅವಳ ಮೇಳವನ್ನು ಬೆಂಗಳೂರಿಗೆ ಕರೆಸಿ ಟೀವಿಯಲ್ಲಿ ನೇರ ತೋರಿಸಿದ ದಿನ, ಊರೆಲ್ಲ ಅಡತಿ ವ್ಯಾಪಾರಿ ರಾವಸಾಹೇಬರ ಪಡಸಾಲೆಯಲ್ಲಿ ಕಿಕ್ಕಿರಿಯಿತು. ಗಂಡನೊಬ್ಬನೇ ಅಲ್ಲಿರಲಿಲ್ಲ.

ತಿರುಗಿ ಬಂದವಳು ಕೇಳಿದಳು, "ಹೊಸಾ ಪದ ಕಟ್ಟಿದ್ನಿ. ಕೇಳಿದ್ರಿಲ್ಲ?"

"ಮಂದಿ ಗದ್ದಲದಾಗ ಯಾಕ? ಪದ ಹೊರಡೂ ಜಾಗಾದಾಗ, ಟವರಿನ ಬುಡಕ ಕುಂತಿದ್ನಿ."

"ಕೇಳಸ್ತೇನು?"

"ಗಾಳಿ ಸಪ್ಪಳ ಭಾಳ ಇತ್ತು."

"ಹಂಗಾದ್ರ ಆ ಗುಡ್ಡಕ್ಕ ಕೇಳ ಹೋಗ್ರಿ," ಎಂದವಳು ಆ ಪದವನ್ನು ಅವನೆದುರು ಎಂದೂ ಹಾಡಲಿಲ್ಲ. ಹಟದಲ್ಲಿ ಇಬ್ಬರೂ ಟಗರುಗಳೇ. ಪದ ಟವರಿನೊಳಗೆ ಇದ್ದೇ ಇದೆಯಲ್ಲ, ಎಲ್ಲಿಗೆ ಹೋದೀತು ಎಂದು ಅವನೂ ಸುಮ್ಮನಿದ್ದ.

ಮನೆಮನೆಗೆ ಡಿಶ್ ಬಂತು. ಆಂಟೆನಾದ ಕೊಳವೆಗಳ ಮೇಲೆ ಸೀರೆ ಒಣಗಿದವು. ಹಣಮವ್ವ ಜ್ವರದಲ್ಲಿ ತೀರಿಕೊಂಡ ವರ್ಷವೇ ಗುಡ್ಡದ ಟೀವಿ ಕೇಂದ್ರವನ್ನೂ ಮುಚ್ಚಿದರು.

ಸಾಮಾನು ಲಾರಿಗೆ ಏರುವ ದಿನ ಮಾಲಿಂಗಪ್ಪ ಹೊಸ ಕಂಬಳಿ ಹೊತ್ತು ಗುಡ್ಡ ಹತ್ತಿದ. ವ್ಯವಹಾರಕ್ಕೆ ಬರಿಗೈಲಿ ಹೋಗುವ ಪೈಕಿ ಅಲ್ಲ ಅವನು.

"ಸಾಹೇಬ್ರ, ಕಂಬಳಿ ನಿಮಗ. ಪೆಟಗಿ ಒಯ್ಯೂಕಿಂತ ಮೊದಲ ನಮ್ಮಾಕಿ ಪದಾ ಒಮ್ಮಿ ತಗದು ಕೇಳಸ್ರಿ."

ಇಂಜಿನಿಯರ್ ಲಕ್ಷ್ಮಣ ನಗಲು ಹೋಗಿ, ಅವನ ಮುಖ ಕಂಡು ತಡೆದುಕೊಂಡ. "ಕಾಕಾ, ಇದು ಆ ಕಡಿಂದ ಬಂದದ್ದನ್ನ ಈ ಕಡಿ ಬಿಡೂ ಯಂತ್ರ. ತನ್ನ ಹಂತೇಕ ಏನೂ ಇಟ್ಕೊಳ್ಳೂದಿಲ್ರಿ."

"ಇಷ್ಟ ವರ್ಷದಾಗ ಒಂದೂ?"

"ಒಂದೂ ಇಲ್ರಿ."

ಲಕ್ಷ್ಮಣ ಬೆಂಗಳೂರಿಗೂ ಫೋನು ಮಾಡಿ ನೋಡಿದ. ನೇರ ಹೋದದ್ದು, ಯಾರೂ ಟೇಪಿಗೆ ಹಿಡಿದಿರಲಿಲ್ಲ. ಊರವರನ್ನು ಮಾಲಿಂಗಪ್ಪ ಮೊದಲೇ ಕೇಳಿಯಾಗಿತ್ತು. ಅವರಿಗೆ ಹಣಮವ್ವನ ಹಸಿರು ಸೀರೆ ನೆನಪಿತ್ತು, ಪದದ ಒಂದು ಸೊಲ್ಲೂ ಇರಲಿಲ್ಲ.

ಲಕ್ಷ್ಮಣ ಕಂಬಳಿಯನ್ನು ಮರಳಿ ಅವನ ಹೆಗಲಿಗಿಟ್ಟ.

"ಹಂಗಾದ್ರ ನಾ ಅವತ್ತ ಇಲ್ಲಿ ಕುಂತದ್ದು ಸುಮ್ನ ಆತಲ್ರಿ," ಎಂದ ಮಾಲಿಂಗಪ್ಪ.

ಲಾರಿ ಗುಡ್ಡ ಇಳಿಯಿತು. ಅವನು ಹಳೆಯ ಜಾಗದಲ್ಲಿ ಕೂತು, ರೂಢಿಯಂತೆ ಹಿಂದಕ್ಕೆ ವಾಲಿದ. ಬೆನ್ನಿಗೆ ಏನೂ ಸಿಗಲಿಲ್ಲ. ಬೇಲಿಯ ತಂತಿಯನ್ನೂ ಸುತ್ತಿ ಲಾರಿಗೆ ಹಾಕಿದ್ದರು.