ಬವೇರಿಯಾದ ಮೈಲಾರ

ಹುಣಸೆ ಬೀಜದ ಗಂಜಿ ಕುಡಿದ ಕರಿ ಕಂಬಳಿಗೆ ಒಂದು ವಾಸನೆ ಇರುತ್ತದೆ. ಕುರಿಯ ಮೈಯ ಜಿಡ್ಡು, ಒಣಗಿದ ಹುಳಿ, ಒಲೆಯ ಹೊಗೆ, ಇವೆಲ್ಲ ಸೇರಿದ ಆ ವಾಸನೆಯನ್ನು ಮೂಸದೆ ಬೆಳೆದವರಿಗೆ ನಾನು ಎಷ್ಟು ಹೇಳಿದರೂ ತಿಳಿಯದು. ಮೂಸಿ ಬೆಳೆದವರಿಗೆ ಹೇಳುವ ಅಗತ್ಯವೇ ಇಲ್ಲ. ಇವತ್ತು ಮಧ್ಯಾಹ್ನ ಗದ್ವಾಲದ ನನ್ನ ಬಾಡಿಗೆ ಮನೆಯಲ್ಲಿ ಹಳೆಯ ಟ್ರಂಕಿನ ಮುಚ್ಚಳ ಎತ್ತಿದ್ದೇ ತಡ, ಮಕ್ತಲ್ಲಿನ ನಮ್ಮ ಮನೆ ಮೂಗಿನೊಳಗೆ ಬಂದು ಕೂತುಬಿಟ್ಟಿತು. ಟ್ರಂಕು ತೆಗೆಯಲು ಕಾರಣ ದೊಡ್ಡಪ್ಪನ ಮಗ ಸಿದ್ದು. ಅವನಿಗೆ ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇದೆ. ಬೆಳಿಗ್ಗೆ ಫೋನು ಮಾಡಿ, ಯಾರೋ ಪದಕ ಕೂಡಿಡುವವರು ಬಂದಿದ್ದಾರೆ, ಅಪ್ಪನ ಜರ್ಮನಿ ಪದಕಗಳಲ್ಲಿ ನಿನ್ನ ಹತ್ತಿರ ಉಳಿದಿರುವ ಒಂದೇ ಒಂದನ್ನು ಕೇಳುತ್ತಿದ್ದಾರೆ, ಮೇಲಿನ ಅರಿಶಿಣವನ್ನು ಪೂರ್ತಿ ತೊಳೆಸಿ ಕೊಡಬೇಕಂತೆ, ಸಂಜೆ ಮತ್ತೆ ಮಾತಾಡುತ್ತೇನೆ ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ, ಓದುವವರು ಸ್ವಲ್ಪ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮದು ಕುರಿ ಕಾಯ್ದು, ಕಂಬಳಿ ನೇಯ್ದು ಬದುಕಿದ ಮನೆ. ಪಡಸಾಲೆಯ ಒಂದು ಮಗ್ಗುಲಿಗೆ ಮಗ್ಗದ ಕುಣಿ, ಇನ್ನೊಂದು ಮಗ್ಗುಲಿಗೆ ಉಣ್ಣೆಯ ಗಂಟುಗಳು, ನಡುವೆ ಜನ ತಿರುಗಾಡಲು ಒಂದಿಷ್ಟು ದಾರಿ. ಒಳಗೆ ಕತ್ತಲ ಕೋಣೆಯಲ್ಲಿ ದೇವರ ಜಗಲಿ. ಅದರ ಮೇಲೆ ಬೀರಪ್ಪ, ಮೈಲಾರಲಿಂಗ, ಮುಖ ಸವೆದು ಯಾರೆಂದೇ ಗೊತ್ತಾಗದ ಇನ್ನೂ ಕೆಲವು ಹಿತ್ತಾಳೆ ದೇವರು. ಜಗಲಿಯ ಒಡತಿ ನನ್ನ ಅಜ್ಜಿ ಮಾಳವ್ವ. ಮಗ್ಗದ ಒಡೆಯ ಅವಳ ಹಿರಿಮಗ, ನನ್ನ ದೊಡ್ಡಪ್ಪ ಬೀರಪ್ಪ. ಕಂಬಳಿಗಳನ್ನು ಹೈದರಾಬಾದಿಗೆ ಒಯ್ದು, ಗುರುವಾರದ ಸಂತೆಯಲ್ಲಿ ನೆಲದ ಮೇಲೆ ಹಾಸಿ ಮಾರಿ ಬರುವುದು ಅವನ ಕೆಲಸ. ಅವನ ಪಕ್ಕದಲ್ಲಿ ಗುಜರಿ ಸಾಮಾನಿನವನೊಬ್ಬ ಕೂರುತ್ತಿದ್ದ. ನವಾಬರ ದೇವಡಿ ಮಹಲುಗಳು ಖಾಲಿಯಾದಾಗ ಹೊರಬಿದ್ದ ಬೀಗ, ಗಡಿಯಾರ, ಅತ್ತರಿನ ಬುಡ್ಡಿಗಳ ನಡುವೆ ಒಂದು ಚಳಿಗಾಲ ಅವನು ಬಿಳಿ ಶಿಲುಬೆಯಂಥ ಒಂದು ಪದಕ ಇಟ್ಟಿದ್ದ. ಕೆನೆ ಕಟ್ಟಿದ ಹಾಲಿನಂಥ ಬಿಳಿ, ನಡುವೆ ಒಂದು ಕಿರೀಟ. ದೊಡ್ಡಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಿದ, ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಸಂಜೆ ಒಂದು ಹೊಸ ಕಂಬಳಿಯನ್ನು ಆ ಮುದುಕನ ಹೆಗಲಿಗೆ ಹೊದಿಸಿ ಪದಕವನ್ನು ಕಿಸೆಗೆ ಹಾಕಿಕೊಂಡು ಬಂದ. ಮನೆಯಲ್ಲಿ ಎಲ್ಲರೂ ತಲೆ ತಲೆ ಚಚ್ಚಿಕೊಂಡರು.

ಅಲ್ಲಿಂದ ಅದು ಹುಚ್ಚಾಯಿತು. ಹುಚ್ಚೆಂದು ಊರು ಹೇಳುತ್ತಿತ್ತು, ನಾನು ಹೇಳುವುದಿಲ್ಲ. ಪ್ರತಿ ಚಳಿಗಾಲ ಒಂದೋ ಎರಡೋ ಬರುತ್ತಿದ್ದವು. ಹಸಿರು ಗಾಜಿನಂಥದು, ಶಿಲುಬೆಯ ತೋಳುಗಳ ಸಂದಿಯಲ್ಲಿ ಪುಟ್ಟ ಬಂಗಾರದ ಸಿಂಹಗಳಿರುವಂಥದು, ಕಪ್ಪು ಪಟ್ಟಿ ಹೊಲಿದಂಥದು. ಬಣ್ಣ ಕಾಯಿಸಿ ಕೂರಿಸುವ ಆ ಕೆಲಸಕ್ಕೆ ಮೀನಾ ಅನ್ನುತ್ತಾರೆಂದು ನಾರಾಯಣಪೇಟೆಯ ಅಕ್ಕಸಾಲಿಗರೊಬ್ಬರು ಹೇಳಿದ್ದರು. ಅವತ್ತಿನಿಂದ ದೊಡ್ಡಪ್ಪ ಮೀನಾ, ಮೀನಾ ಎಂದು ಅಷ್ಟು ಅಕ್ಕರೆಯಿಂದ ಹೇಳುತ್ತಿದ್ದನೆಂದರೆ ದೊಡ್ಡಮ್ಮ ಒಂದೆರಡು ದಿನ ಅನುಮಾನಪಟ್ಟು ಮಾತು ಬಿಟ್ಟಿದ್ದಳು. ಅದೇ ಸಂತೆಯಲ್ಲಿ ಒಂದು ಹರಕು ಇಂಗ್ಲಿಷ್ ಚಿತ್ರಪುಸ್ತಕವೂ ಅವನಿಗೆ ಸಿಕ್ಕಿತು. ಮೆಟ್ರಿಕ್ ಓದಿದ್ದ ನನ್ನ ಅಪ್ಪ ಅಕ್ಷರ ಕೂಡಿಸಿ ಓದಿ ಹೇಳುತ್ತಿದ್ದ: ಸ್ಯಾಕ್ಸನಿ, ಬಾಡೆನ್, ವುರ್ಟೆಂಬರ್ಗ್. ಕೊನೆಯದು ದೊಡ್ಡಪ್ಪನ ಬಾಯಲ್ಲಿ ಉರಟಂಬರಿ ಆಯಿತು. ನಾನು ಈಗ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ಜರ್ಮನಿಯ ಏಕೀಕರಣದ ಪಾಠ ಬಂದಾಗ ಉರಟಂಬರಿ ಎಂದೇ ನಾಲಿಗೆಗೆ ಬರುತ್ತದೆ.

ನಮ್ಮ ಕಡೆ ಜವಾನರ ಎದೆಯ ಮೇಲಿನ ಹಿತ್ತಾಳೆ ಗುರುತಿಗೆ ಬಿಲ್ಲೆ ಅನ್ನುತ್ತಾರೆ, ಆಡುಮಾತಿನಲ್ಲಿ ಅದು ಬಿಲ್ಲಿ. ಹೀಗಾಗಿ ಊರು ದೊಡ್ಡಪ್ಪನಿಗೆ ಬಿಲ್ಲಿ ಬೀರಪ್ಪ ಎಂದು ಹೆಸರಿಟ್ಟಿತು. ಆದರೆ ಉರ್ದು ಮನೆಮಾತಿನ ಓಣಿಯಲ್ಲಿ ಬಿಲ್ಲಿ ಎಂದರೆ ಬೆಕ್ಕು. ದೊಡ್ಡಪ್ಪ ಆ ಓಣಿಯಲ್ಲಿ ಹೋದರೆ ಮಕ್ಕಳು ಬಾಗಿಲ ಹಿಂದೆ ನಿಂತು ಮಿಯಾಂವ್ ಅನ್ನುತ್ತಿದ್ದವು. ಅವನು ಒಮ್ಮೆಯೂ ಗದರಲಿಲ್ಲ. ಮೀಸೆ ತಿರುವಿ, ಗಡವ ಬೆಕ್ಕಿನ ದನಿಯಲ್ಲಿ ತಿರುಗಿ ಉತ್ತರ ಕೊಡುತ್ತಿದ್ದ. ಆದರೆ ದೊಡ್ಡವರು ನಕ್ಕಾಗ ಅವನಿಗೆ ನೋವಾಗುತ್ತಿತ್ತು. ಯಾವನೋ ಪರದೇಶದ ರಾಜನ ಬಿಲ್ಲೆ ನಿನಗ್ಯಾಕೆ ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ.

"ಜರ್ಮನಿ ಅವಾಗ ಒಂದ ದೇಶ ಇದ್ದಿಲ್ರೀ. ನಮ್ಮ ಗದ್ವಾಲ, ವನಪರ್ತಿ ಇದ್ದಂಗ ಸಣ್ಣ ಸಣ್ಣ ಸಂಸ್ಥಾನ ಇದ್ವು. ಒಬ್ಬ ದೊಡ್ಡಾಂವ ಬಂದು ಎಲ್ಲಾರ್ನೂ ನುಂಗಿದ. ನಾ ನುಂಗಿಸ್ಕೊಂಡೋರದು ಕೂಡಿಡ್ತೀನಿ, ನುಂಗಿದೋರದು ನಮ್ಮ ಮನಿಯಾಗ ಬ್ಯಾಡ."

ನುಂಗಿದವರೆಂದರೆ ಪ್ರಷ್ಯಾದವರು. ಗುಜರಿಯ ಮುದುಕ ಪ್ರಷ್ಯಾದ ಪದಕವೊಂದನ್ನು ಪುಕ್ಕಟೆ ಕೊಡಲು ಬಂದರೂ ದೊಡ್ಡಪ್ಪ ಕೈ ಹಿಂದೆ ಕಟ್ಟಿಕೊಂಡಿದ್ದನಂತೆ. ನಗಬೇಡಿ. ಅಂಗಡಿಯ ಬೋರ್ಡು ಒಂದು ಭಾಷೆಯಲ್ಲಿ, ಅಡುಗೆಮನೆ ಇನ್ನೊಂದು ಭಾಷೆಯಲ್ಲಿ, ಜಮೀನಿನ ಹಳೆ ಕಾಗದ ಮೂರನೆಯದರಲ್ಲಿ ಇರುವ ಊರಿನವರು ನಾವು. ಕನ್ನಡದ ಮನೆಗಳನ್ನು ತೆಲುಗು ರಾಜ್ಯಕ್ಕೆ ಸೇರಿಸಿ ಗೆರೆ ಎಳೆದವರು ನಮ್ಮನ್ನು ಕೇಳಿ ಎಳೆಯಲಿಲ್ಲ. ನಕಾಶೆಯಿಂದ ಅಳಿಸಿಹೋದ ಪುಟ್ಟ ರಾಜ್ಯವೊಂದರ ಸಿಂಹ ಕೈಯಲ್ಲಿ ಹೊಳೆಯುವಾಗ ದೊಡ್ಡಪ್ಪನಿಗೆ ಏನಾಗುತ್ತಿತ್ತೋ ನನಗೆ ಗೊತ್ತು. ಅವನು ತಾನೇ ನೇಯ್ದ ಒಂದು ಕರಿ ಕಂಬಳಿಯನ್ನು ಗೋಡೆಗೆ ಬಿಗಿದು, ಅದರ ಮೇಲೆ ಪ್ರತಿ ಸಂಸ್ಥಾನಕ್ಕೂ ಬಿಳಿ ಉಣ್ಣೆಯ ದಾರದಿಂದ ಒಂದೊಂದು ಗೂಡು ಹೊಲಿದು, ಪದಕಗಳನ್ನು ಚುಚ್ಚಿಟ್ಟಿದ್ದ. ನಡುವೆ ಒಂದು ದೊಡ್ಡ ಗೂಡು ಬಹಳ ಕಾಲ ಖಾಲಿ ಇತ್ತು. ಅದು ಬವೇರಿಯಾದ್ದು.

ಬವೇರಿಯಾ ಕೊನೆಗೂ ಬಂತು. ತಿಳಿನೀಲಿ ಮೀನಾ, ಅಂಚಿಗೆ ಬಿಳಿ, ಮೇಲೆ ಕಿರೀಟ. ದೊಡ್ಡಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಮನೆಯವರಿಗೆಲ್ಲ ತೋರಿಸುತ್ತ ಬಂದ. ಅಜ್ಜಿಯ ಮುಂದೆ ಬಂದಾಗ ಅದು ಮಗುಚಿ ಬಿದ್ದು ಹಿಂಬದಿ ಮೇಲಾಗಿತ್ತು. ಅಜ್ಜಿ ಬಗ್ಗಿ ನೋಡಿದಳು. ಅಲ್ಲೊಬ್ಬ ಕುದುರೆ ಏರಿದವನಿದ್ದ. ಕೈಯಲ್ಲಿ ಈಟಿ, ಕುದುರೆಯ ಕಾಲಡಿ ಬಾಯಿ ತೆರೆದು ಬಿದ್ದ ಒಂದು ರಕ್ಕಸ ಪ್ರಾಣಿ. ಅಜ್ಜಿ ಸೆರಗನ್ನು ತಲೆಗೆಳೆದುಕೊಂಡು ಎರಡೂ ಕೈ ಚಾಚಿ ಪದಕವನ್ನು ಎತ್ತಿಕೊಂಡಳು, "ಏಳುಕೋಟಿಗೋ" ಎಂದು ಮೈಲಾರನ ಜಯಕಾರ ಒಮ್ಮೆ ಕೂಗಿ, ಸೀದಾ ಒಳಗೆ ಹೋಗಿ ಜಗಲಿಯ ಮೇಲೆ ಇಟ್ಟು, ದೇವರ ಅರಿಶಿಣವಾದ ಭಂಡಾರದ ಬಟ್ಟಲಿಗೆ ಹೆಬ್ಬೆಟ್ಟು ಅದ್ದಿ ನೀಲಿಯ ಮೇಲೆ ಹಳದಿ ಒತ್ತಿದಳು. ದೊಡ್ಡಪ್ಪ ಹೋ ಹೋ ಎನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಯವ್ವಾ, ಅಂವ ಮೈಲಾರ ಅಲ್ಲ. ಕ್ರಿಸ್ತರ ಸಂತ ಅದಾನ. ಬವೇರಿಯಾ ಸಂಸ್ಥಾನದಾಂವ."

"ಕುದುರಿ ಐತಿ, ಈಟಿ ಐತಿ, ಕಾಲಾಗ ರಾಕ್ಷಸ ಬಿದ್ದಾನ. ಮೈಲಾರ ಅಲ್ದ ಮತ್ಯಾರು? ಸಂಸ್ಥಾನ ಯಾವ್ದರ ಇರ್ಲಿ, ಮೈಲಾರಗ ಸರಹದ್ದು ಐತೇನು?"

ಇಲ್ಲಿ ದೊಡ್ಡಪ್ಪ ಸುಮ್ಮನಿದ್ದಿದ್ದರೆ ಮುಂದೆಂದಾದರೂ ಪದಕ ಕಂಬಳಿಗೆ ಬರುತ್ತಿತ್ತೇನೋ. ಅವನು ಸುಮ್ಮನಿರಲಿಲ್ಲ. ಇದು ಹಿಂದಿನ ಮುಖ, ಮುಂದಿನ ಮುಖ ಬೇರೆ ಇದೆ, ನೋಡು ಎಂದು ತಿರುಗಿಸಿ ತೋರಿಸಿದ. ಅಲ್ಲಿ ಮೋಡದ ಮೇಲೆ ನಿಂತ ಒಬ್ಬ ತಾಯಿಯ ಚಿತ್ರವಿತ್ತು. ಅಜ್ಜಿಯ ಮುಖ ಅರಳಿತು. ಮೈಲಾರನ ಹೆಂಡತಿ ಗಂಗಿಮಾಳವ್ವ, ಅವಳದೇ ಹೆಸರಿನ ದೇವಿ, ಗಂಡನ ಬೆನ್ನಿಗೇ ನಿಂತು ಅಷ್ಟು ದೂರದಿಂದ ಮನೆಗೆ ಬಂದಿದ್ದಳು. ಇನ್ನು ಯಾವ ವಾದಕ್ಕೂ ಜಾಗ ಉಳಿಯಲಿಲ್ಲ. ದೊಡ್ಡಪ್ಪ ಆ ರಾತ್ರಿ ರೊಟ್ಟಿ ಮುಟ್ಟಲಿಲ್ಲ. ಮುಂದೆ ಪ್ರತಿ ಭಾನುವಾರ ಅಜ್ಜಿ ತಲೆಗೆ ನೀರು ಹಾಕಿಕೊಂಡು ಭಂಡಾರ ಹಚ್ಚುವಾಗ ಅವನು ಬಾಗಿಲಲ್ಲಿ ನಿಂತು ಹಲ್ಲು ಕಚ್ಚುತ್ತಿದ್ದ. ಮೀನಾದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು, ಹಳದಿ ಅವುಗಳೊಳಗೆ ಇಳಿಯುತ್ತಾ ಹೋಯಿತು.

ಹೈದರಾಬಾದಿನಿಂದ ಒಬ್ಬರು ಕಾರಿನಲ್ಲಿ ಬಂದದ್ದು ಇದಾದ ಮೇಲೆ. ಇಂಥ ಪದಕಗಳನ್ನೇ ಕೂಡಿಡುವ ದೊಡ್ಡ ಮನುಷ್ಯರು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಗುಜರಿಯ ಮುದುಕನಿಂದ ವಿಷಯ ತಿಳಿದಿತ್ತಂತೆ. ಅವರು ಭೂತಗನ್ನಡಿ ಹಿಡಿದು ಕಂಬಳಿಯ ಮೇಲಿನ ಒಂದೊಂದು ಗೂಡನ್ನೂ ನೋಡಿ, ದೊಡ್ಡಪ್ಪನಿಗೆ ಕುರ್ಚಿ ಎಳೆದು ಕೂರಲು ಹೇಳಿದರು. ನಮ್ಮ ಮನೆಯಲ್ಲಿ ನಮ್ಮದೇ ಕುರ್ಚಿ, ಆದರೂ ದೊಡ್ಡಪ್ಪನಿಗೆ ಅಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ಇವನ್ನೆಲ್ಲ ಪಟ್ಟಣದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೆ ಮಕ್ತಲ್ ಬೀರಪ್ಪನವರ ಸಂಗ್ರಹ ಎಂದು ಬರೆಸುವುದಾಗಿ ಅವರು ಹೇಳಿದಾಗ ದೊಡ್ಡಪ್ಪನ ಕಣ್ಣು ತುಂಬಿದ್ದನ್ನು ನಾನು ಕಂಡೆ. ಊರೆಲ್ಲ ಬೆಕ್ಕೆಂದು ಕರೆದವನ ಹೆಸರು ಗಾಜಿನ ಕೆಳಗೆ! ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು, ಹೊರಗಿನಿಂದ ಬಂದ ಒಂದು ಒಳ್ಳೆಯ ಮಾತಿಗಾಗಿ ಆಯುಷ್ಯವೆಲ್ಲ ಕಾದವರು. ಆಮೇಲೆ ಅತಿಥಿಗಳು ಖಾಲಿ ಗೂಡಿನ ಮೇಲೆ ಬೆರಳಿಟ್ಟು, ಬವೇರಿಯಾ ಎಲ್ಲಿ ಎಂದು ಕೇಳಿದರು.

ದೊಡ್ಡಪ್ಪ ಅವರನ್ನು ಜಗಲಿಯ ಮುಂದೆ ಕರೆದೊಯ್ದ. "ಅಯ್ಯಯ್ಯೋ, ಈ ಪಸುಪು ಎವರು ಪೂಸಿನಾರು?" ಎಂದು ಅವರು ತೆಲುಗಿನಲ್ಲೇ ಹೌಹಾರಿದರು. ಅರಿಶಿಣ ಯಾರು ಬಳಿದರೆಂದು ಕೇಳಿದ್ದಕ್ಕೆ ಅಜ್ಜಿ ನಾನೇ ಎಂಬಂತೆ ಎದೆ ಮುಟ್ಟಿಕೊಂಡು ತೋರಿಸಿದಳು. ಪರವಾಗಿಲ್ಲ, ಗೊತ್ತಿರುವ ಕೆಲಸಗಾರನಿದ್ದಾನೆ, ಔಷಧಿಯಲ್ಲಿ ಅದ್ದಿದರೆ ಹಳದಿ ಪೂರ್ತಿ ಹೋಗುತ್ತದೆ, ಆದರೆ ಇದಿಲ್ಲದೆ ಉಳಿದವನ್ನು ಇಡಿಸುವುದಕ್ಕೆ ಅರ್ಥವಿಲ್ಲ ಎಂದರು ಅವರು. ದೊಡ್ಡಪ್ಪ ನೆಲ ನೋಡುತ್ತ ನಿಂತ. ಅಜ್ಜಿ ವಾದಕ್ಕಿಳಿಯಲಿಲ್ಲ. ಜಗಲಿಯ ಮುಂದೆ ಯಾರು ಬಂದು ನಿಂತರೂ, ಸಾಲ ಕೇಳಲು ಬಂದವನಿರಲಿ ಬೀಗರಿರಲಿ, ಹಣೆಗೆ ಭಂಡಾರ ಹಚ್ಚಿಯೇ ಕಳಿಸುವುದು ನಮ್ಮ ಮನೆಯ ರೂಢಿ. ಅವಳು ಬಟ್ಟಲು ಎತ್ತಿ, ಹೆಬ್ಬೆಟ್ಟು ಅದ್ದಿ, ಅತಿಥಿಯ ಹಣೆಯತ್ತ ಕೈ ಚಾಚಿದಳು.

ಅವರು ಹಿಂದೆ ಸರಿದರು. ಅಂಗಿಗೆ ಉದುರೀತೆಂದು ಎದೆಯನ್ನು ಅಂಗೈಯಿಂದ ಮುಚ್ಚಿಕೊಂಡು, ಬೇಡ ಬೇಡ ಎಂದು ನಕ್ಕರು. ಅಜ್ಜಿಯ ಕೈ ಗಾಳಿಯಲ್ಲೇ ಉಳಿಯಿತು. ದೊಡ್ಡಪ್ಪ ಆ ಕೈಯನ್ನು ನೋಡಿದ, ಅತಿಥಿಯ ಮುಖ ನೋಡಿದ. ಆಮೇಲೆ ತಾನೇ ಬಗ್ಗಿ ತಾಯಿಯ ಹೆಬ್ಬೆಟ್ಟಿಗೆ ತನ್ನ ಹಣೆ ಕೊಟ್ಟ.

"ಹಣಿಗೆ ಹಚ್ಕೊಳ್ಳಾಕ ಒಲ್ಲದ ಭಂಡಾರ, ಬಿಲ್ಲಿ ಮ್ಯಾಲಿಂದ ನೀವು ತೆಗ್ಯೂದು ಬ್ಯಾಡ್ರಿ ಸಾಹೇಬ್ರ. ಚಾ ಕುಡದು ಹೋಗ್ರಿ."

ಕಾರು ಹೋಯಿತು. ಗಾಜಿನ ಪೆಟ್ಟಿಗೆಯೂ ಹೋಯಿತು, ಅದರ ಕೆಳಗಿನ ಹೆಸರೂ ಹೋಯಿತು. ದೊಡ್ಡಪ್ಪ ಅದಕ್ಕಾಗಿ ಕೊರಗಿದ್ದನ್ನು ನಾನು ನೋಡಲಿಲ್ಲ. ಖಾಲಿ ಗೂಡನ್ನು ತೋರಿಸಿ ಯಾರಾದರೂ ಕೇಳಿದರೆ, "ಆ ಸಂಸ್ಥಾನದೋರು ಒಳಗ ಜಗಲಿ ಮ್ಯಾಲ ಅದಾರ" ಎಂದು ಗತ್ತಿನಿಂದ ಹೇಳುತ್ತಿದ್ದ. ಅವನ ನಡಿಗೆಯೇ ಬದಲಾಗಿತ್ತು.

ಆಮೇಲಿನದನ್ನು ಬೆಳೆಸಲು ಮನಸ್ಸಿಲ್ಲ. ಅಜ್ಜಿ ಹೋದಳು, ಅವಳ ಹಿಂದೆ ದೊಡ್ಡಪ್ಪ, ಆಮೇಲೆ ಅಪ್ಪ. ರಸ್ತೆ ಅಗಲವಾಗಿ ಮನೆಯ ಮುಂದಿನ ಭಾಗ ಅದಕ್ಕೆ ಹೋಯಿತು, ಉಳಿದದ್ದು ಪಾಲಿನಲ್ಲಿ ಹೋಯಿತು. ಮಗ್ಗದ ಕುಣಿ ಇದ್ದಲ್ಲಿ ಈಗ ಲಾರಿಗಳ ಟೈರಿಗೆ ಗಾಳಿ ತುಂಬುತ್ತಾರೆ. ಕಂಬಳಿಯ ಮೇಲಿನ ಸಂಸ್ಥಾನಗಳು ಅಣ್ಣತಮ್ಮಂದಿರ ನಡುವೆ ಹಂಚಿಹೋಗಿ, ಒಂದೊಂದಾಗಿ ಯಾರ‍್ಯಾರದೋ ಕೈ ಸೇರಿದವು. ನುಸಿ ತಿಂದ ಕಂಬಳಿಯನ್ನೂ, ಯಾರೂ ಕೇಳದ ಜಗಲಿಯ ದೇವರನ್ನೂ ನಾನು ಗದ್ವಾಲಕ್ಕೆ ತಂದೆ. ಕಂಬಳಿ ಟ್ರಂಕಿನಲ್ಲಿದೆ, ದೇವರ ಜೊತೆ ಆ ನೀಲಿ ಪದಕವೂ ನನ್ನ ಮನೆಯ ಜಗಲಿಯ ಮೇಲಿದೆ. ಅಜ್ಜಿಯದೊಂದು ಫೋಟೋ ಇಲ್ಲ. ಫೋಟೋದವರು ಬಂದರೆ ಅವಳು ಕಸಬರಿಗೆ ಹಿಡಿದು ಓಡಿಸುತ್ತಿದ್ದಳು. ಅವಳು ಉಟ್ಟ ಸೀರೆಗಳು ಹರಿದು ಮಸಿಬಟ್ಟೆಯಾದವು, ಅವಳು ಸಾರಿಸಿದ ನೆಲ ಡಾಂಬರಿನಡಿ ಸೇರಿತು. ಅವಳ ಕೈಯಿಂದ ಆದದ್ದು ಈ ಲೋಕದಲ್ಲಿ ಇನ್ನು ಉಳಿದಿರುವುದು ನೀಲಿ ಬಿರುಕಿನಲ್ಲಿ ಕೂತ ಆ ಹಳದಿ ಒಂದೇ. ಅದನ್ನೇ ತೊಳೆಯಬೇಕಂತೆ.

ಸಂಜೆ ಹೇಳಿದಂತೆ ಸಿದ್ದುವಿನ ಫೋನು ಬಂತು. ಹಿಂದೆ ಅಂಗಡಿಯ ಗದ್ದಲ ಕೇಳುತ್ತಿತ್ತು.

"ಅಕ್ಕಾ, ಅದು ನಮ್ಮಪ್ಪಂದು. ನಾ ಹಕ್ಕಿಲೇ ಕೇಳಾಕತ್ತೀನಿ."

"ಕಂಬಳಿ ಮ್ಯಾಲಿಂದು ನಿಮ್ಮಪ್ಪಂದು. ಜಗಲಿ ಮ್ಯಾಲಿಂದು ಅಜ್ಜೀದು. ನಿಮ್ಮಪ್ಪನ ಹಂಗ ಹೇಳ್ಯಾನ," ಎಂದೆ.

"ನೀ ಸಾಲಿ ಕಲಸಾಕಿ. ಅಂವ ಮೈಲಾರ ಅಲ್ಲಂತ ನಿನಗ ಗೊತ್ತಿಲ್ಲೇನು?"

"ಅಂವ ಯಾರು, ಯಾವೂರಾಂವ, ಎಲ್ಲಾ ಗೊತ್ತೈತಿ. ಗೊತ್ತಿದ್ದ ಐತವಾರಕ್ಕೊಮ್ಮಿ ಹಚ್ತೀನಿ. ಮ್ಯಾಲಿಂದು ನಂದು, ಬಿರಕಿನಾಗಿಂದು ಅಜ್ಜಿ ಹೆಬ್ಬಟ್ಟಿಂದು. ತೊಳ್ಯಾಕ ಕೊಡಂಗಿಲ್ಲ ಸಿದ್ದು. ನಾ ಇರೂತನಾ ಕೊಡಂಗಿಲ್ಲ."

ಅವನು ಜಗಳಕ್ಕೆ ಬರುತ್ತಾನೆಂದು ನಾನು ಸೆರಗು ಕಟ್ಟಿ ನಿಂತಿದ್ದೆ. ಆದರೆ ಆ ಕಡೆ ಗಿರಾಕಿ ಯಾರೋ ಸೀರೆಯ ಬೆಲೆ ಕೇಳಿದರು, ಅವನು ತುಸು ತಾಳ್ರಿ ಎಂದ. ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ಅವನನ್ನು ಮಡಿಲಲ್ಲಿ ಹಾಕಿಕೊಂಡು ಕೂರುತ್ತಿದ್ದವಳು ಅಜ್ಜಿಯೇ. ಅಂಗಡಿಯಿಂದ ಎದ್ದು ಹೊರಗೆ ಬಂದನೆಂದು ಕಾಣುತ್ತದೆ, ಗದ್ದಲ ಕಡಿಮೆಯಾಯಿತು. ಆಮೇಲೆ, ಸಣ್ಣ ಹುಡುಗನಾಗಿದ್ದಾಗಿನ ದನಿಯಲ್ಲಿ, ಬಹಳ ಮೆಲ್ಲಗೆ ಕೇಳಿದ:

"ಅಕ್ಕಾ, ಅಜ್ಜಿ ಹಚ್ಚಿದ್ದು ಇನ್ನೂ ಕಾಣ್ತೈತೇನು?"

"ಕಾಣ್ತೈತಿ. ಬಾ, ನೋಡುವಂತಿ."