ಮೊಲವಿಲ್ಲದ ಎಡೆ

ಅಮೆರಿಕದ ಬಾಥೆಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮಂಡ್ಯದ ಕಡೆಯವರು. ಫ್ರೀಮಾಂಟ್‌ನ ಆಫೀಸಿಗೆ ಅವರೂ ನಾನೂ ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಟ್ರಾಫಿಕ್ಕಿನಲ್ಲಿ ಸ್ಟೀರಿಂಗ್ ಮೇಲೆ ಗಲ್ಲವೂರಿ ಅವರು ಹೇಳುತ್ತಿದ್ದ ಮಾತು ಒಂದೇ: "ಆಯ್ತು ಬುಡಿ, ಅದನ್ನೂ ಬುಟ್ಟೆ."

ಲಂಚ್ ರೂಮಿನಲ್ಲಿ ಯಾರೋ ಮೂಗು ಮುಚ್ಚಿಕೊಂಡರೆಂದು ಒಣಮೀನು ಬಿಟ್ಟರು. ಸಸ್ಯಾಹಾರಿಗಳಾದ ನಾವು ಊಟಕ್ಕೆ ಬರುತ್ತೇವೆಂದು ಭಾನುವಾರದ ಬಾಡು ಬಿಟ್ಟರು. ಟೀಮಿನವನೊಬ್ಬ ದನದ ಬರ್ಗರ್ ಕಚ್ಚುತ್ತಲೇ, "ಮೊಲಾನೂ ತಿಂತೀರಾ? ಅಯ್ಯೋ ಪಾಪ!" ಎಂದಾಗ ಮಾತ್ರ 'ಬುಟ್ಟೆ' ಅನ್ನಲಿಲ್ಲ. ಅವರ ತೀರಿಹೋದ ಅಪ್ಪನಿಗೆ ಮೊಲದ ಸಾರೆಂದರೆ ಪ್ರಾಣ.

ಪಿತೃಪಕ್ಷ ಬಂತು. ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಿ ಫೋಟೋದ ಮುಂದೆ ಎಡೆ ಇಡುವುದು ಅವರ ಪದ್ಧತಿ. ಅವತ್ತು ಬೆಳಿಗ್ಗೆ ನಾನು ಅವರ ಪಾತ್ರೆ ವಾಪಸ್ ಕೊಡಲು ಹೋದಾಗ, ಅಂಗಡಿಯಿಂದ ತಂದ ಮೊಲದ ಮಾಂಸವನ್ನು ಸಿಂಕಿನಲ್ಲಿ ತೊಳೆಯುತ್ತಿದ್ದರು. ಅಷ್ಟರಲ್ಲಿ ಅವರ ಮಗಳು ಬಂದಳು. ತಾನೇ ಸಾಕಿದ ಬಿಳಿ ಮೊಲ ಅವಳ ತೋಳಲ್ಲಿತ್ತು.

"ಡ್ಯಾಡಿ, ವಾಟ್ ಈಸ್ ದಟ್?"

ಚಿಕನ್ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ನಲ್ಲಿ ನಿಲ್ಲಿಸಿ, ಒಣಗಿದ ಮೇಲೂ ಕೈ ಒರೆಸಿಕೊಳ್ಳುತ್ತಲೇ ನಿಂತರು.

ಸಂಜೆ ನಮ್ಮನ್ನೂ ಕರೆದಿದ್ದರು. ಫೋಟೋದ ಮುಂದಿನ ಎಲೆಯ ಮೇಲೆ ಮುದ್ದೆ, ಸೊಪ್ಪಿನ ಸಾರು, ವಡೆ ಇದ್ದವು. ಮಗಳು ಮೊಲವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದಳು. ಅವರು ಫೋಟೋಗೆ ಕೈ ಮುಗಿದು ಮೆಲ್ಲಗೆ ಅಂದರು:

"ಅಪ್ಪಾ, ನೀನೂ ಬುಟ್ಬುಡು."