ಗಿರಣಿಯಕ್ಕನ ಒಂದು ಓಟು

ಮೊನ್ನೆ ಸಕಲೇಶಪುರದ ಗಿರಣಿಯೊಂದರಲ್ಲಿ ರಾಗಿ ಬೀಸಿಸಿಕೊಂಡು ಚೀಲವನ್ನು ಎತ್ತಿ ಎದೆಗೆ ಅವುಚಿಕೊಂಡಾಗ, ಹಿಟ್ಟಿನ ಬಿಸಿಯೂ ಆ ತುಸು ಸೀದಂಥ ವಾಸನೆಯೂ ಒಟ್ಟಿಗೇ ಮುಖಕ್ಕೆ ಬಡಿದವು. ಅದೇ ಹೊತ್ತಿಗೆ ಪ್ರಚಾರದ ಆಟೋವೊಂದು ಅಭ್ಯರ್ಥಿಯ ಹೆಸರು ಕೂಗುತ್ತಾ ರಸ್ತೆಯಲ್ಲಿ ಹೋಯಿತು. ನನಗೆ ಗಿರಣಿಯಕ್ಕನ ನೆನಪಾಯಿತು.

ನಾನು ಮದುವೆಯಾಗಿ ಸೇರಿದ್ದು ಕುಂದೂರಿನಿಂದ ಒಳಗಿದ್ದ ಒಂದು ಸಣ್ಣ ಊರು. ಅಲ್ಲಿ ಶಾಲೆ, ಹಾಲಿನ ಡೇರಿ, ಗಿರಣಿ ಮೂರೂ ಎದುರುಬದುರಾಗಿದ್ದವು. ಗಿರಣಿ ನಡೆಸುತ್ತಿದ್ದವರು ಗಂಡ ಹೆಂಡತಿ ಇಬ್ಬರು. ಅವರ ಒಬ್ಬಳೇ ಮಗಳು ಮದುವೆಯಾಗಿ ಆಲೂರಿನಲ್ಲಿದ್ದಳು. ಊರಿನ ಹೆಂಗಸರೆಲ್ಲ ಆ ತಾಯಿಯನ್ನು ಗಿರಣಿಯಕ್ಕ ಎಂದೇ ಕರೆಯುತ್ತಿದ್ದೆವು. ಕರೆಂಟು ಬರುವುದನ್ನು ಕಾಯುತ್ತಾ ಅಲ್ಲಿ ಕೂತು ಆಡಿದ ಮಾತು ಎಷ್ಟೋ...

ಒಂದು ಸಂಜೆ ಗಿರಣಿಯ ಬೆಲ್ಟು ಕಿತ್ತುಹೋಯಿತು. ಗಂಡ ಹೊಸದನ್ನು ತರಲು ಸೈಕಲ್ಲಿನಲ್ಲಿ ಕುಂದೂರಿಗೆ ಹೋದರು. ವಾಪಸು ಬರುವಾಗ ಕತ್ತಲಾಗಿತ್ತು. ಮೋರಿಯ ತಿರುವಿನಲ್ಲಿ, ಕಾಫಿ ತೋಟದಿಂದ ರಸ್ತೆಗೆ ಇಳಿದಿದ್ದ ಆನೆಗೆ ಎದುರಾದರು. ಬೆಳಿಗ್ಗೆ ಹಾಲು ತರುತ್ತಿದ್ದವರು ಹೆಣ ನೋಡಿದರು. ನಮ್ಮ ಕಡೆ ಇಂಥ ಸಾವು ಆ ವರ್ಷ ಅದೊಂದೇ ಆಗಿರಲಿಲ್ಲ. ಆದರೆ ಎಲ್ಲರ ಮನೆಯ ಹಿಟ್ಟು ಬೀಸಿದ ಮನುಷ್ಯ ಹೋದಾಗ ಊರಿಗೆ ತಡೆಯಲಾಗಲಿಲ್ಲ. ಹೆಣವನ್ನು ರಸ್ತೆಯಲ್ಲಿಟ್ಟು ಮಧ್ಯಾಹ್ನದವರೆಗೆ ಕೂತರು. ಅಧಿಕಾರಿಗಳು ಬಂದರು, ಭರವಸೆ ಕೊಟ್ಟರು, ಹೋದರು.

ಚುನಾವಣೆ ಹತ್ತಿರವಿತ್ತು. ತಿಥಿ ಮುಗಿದ ಮೇಲೆ ಒಬ್ಬರ ಹಿಂದೆ ಒಬ್ಬರು ನಾಯಕರು ಬರತೊಡಗಿದರು. ಡೇರಿಯಿಂದ ಪ್ಲಾಸ್ಟಿಕ್ ಕುರ್ಚಿಗಳು ಬರುತ್ತಿದ್ದವು. ನಾಯಕರು ಗಿರಣಿಯಕ್ಕನ ಪಕ್ಕ ಕೂತು ಕೈ ಮುಗಿಯುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎಲ್ಲರೂ ಆನೆಗಳನ್ನು ಬೇರೆ ಕಡೆಗೆ ಸಾಗಿಸುತ್ತೇವೆ ಅಂದರು. ಆಕೆ ತಲೆ ಆಡಿಸುತ್ತಿದ್ದಳು.

ಕೊನೆಗೆ ಒಬ್ಬ ಪಕ್ಷೇತರ ಬಂದರು. ನಿವೃತ್ತ ಬಸ್ ಕಂಡಕ್ಟರ್. ಹಳೆಯ ಮೊಪೆಡ್ಡಿನಲ್ಲಿ ಒಬ್ಬರೇ ಬಂದಿದ್ದರು. ಅವರ ಗುರುತು ಬಕೆಟ್ಟು. ಅಷ್ಟರಲ್ಲಿ ಗಿರಣಿಯಕ್ಕ ಒಬ್ಬಳೇ ಮತ್ತೆ ಗಿರಣಿ ನಡೆಸತೊಡಗಿದ್ದಳು; ನಾನು ರಾಗಿ ಹಿಡಿದು ಸರದಿಗೆ ಕಾಯುತ್ತಿದ್ದೆ. ಅವರು ಕುರ್ಚಿಗೂ ಕಾಯದೆ ಮೂಟೆಯ ಮೇಲೆ ಕೂತರು.

"ಯಾವ ಕಡೆಯಿಂದ ಬಂತಕ್ಕ ಆನೆ?" ಅಂದರು. "ಮೋರಿ ತಾವ ಲೈಟ್ ಇತ್ತಾ?"

"ಎಲ್ಲೈತಣ್ಣ. ಕಂಬ ಐತೆ, ಬಲ್ಬಿಲ್ಲ."

ಆಮೇಲೆ ಆಕೆ ಬಾಯಿ ಬಿಟ್ಟು ಎಲ್ಲ ಹೇಳಿದಳು. ಬೆಲ್ಟು ಕಿತ್ತಿದ್ದು, ನಾಳೆ ಹೋಗಿ ಅಂತ ತಾನು ಹೇಳಿದ್ದು, ಜನ ರಾಗಿ ಇಟ್ಟು ಹೋಗಿದಾರೆ ಅಂತ ಗಂಡ ಹೊರಟಿದ್ದು... ಅಷ್ಟು ದಿನದಲ್ಲಿ ಆಕೆ ಅಷ್ಟುದ್ದ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಕಂಡಕ್ಟರು ಆನೆ ಓಡಿಸುತ್ತೇನೆ ಅನ್ನಲಿಲ್ಲ. ಕಾಫಿ ಕುಡಿದು, ಒಂದು ಕರಪತ್ರ ಕೊಟ್ಟು ಹೋದರು.

ಆ ವಾರವೇ ಡೇರಿಯ ಮುಂದೆ ಊರಿನವರ ಸಭೆಯಾಯಿತು. ನನ್ನ ಗಂಡನ ಅಣ್ಣ, ನಮ್ಮ ಭಾವ, ಊರಿಗೆ ಹಿರಿಯರು. ಈ ಸಲ ಯಾರೂ ಮತ ಹಾಕಬಾರದು, ಆಗಲಾದರೂ ಸರ್ಕಾರ ಕಣ್ಣು ಬಿಡುತ್ತದೆ ಅಂದರು. ಎಲ್ಲರೂ ಒಪ್ಪಿದರು. ಪಕ್ಷಗಳ ಏಜೆಂಟರಾಗಬೇಕಿದ್ದ ಹುಡುಗರೂ ಒಪ್ಪಿದರು. ಮತದಾನ ಬಹಿಷ್ಕಾರ ಎಂದು ಬರೆದ ಬ್ಯಾನರ್ ಶಾಲೆಯ ಗೇಟಿಗೆ ಎದುರಾಗಿ ಏರಿತು. ಅದರಲ್ಲಿ ಸತ್ತ ಗಿರಣಿ ಯಜಮಾನರ ಫೋಟೋ ಇತ್ತು. ಗಿರಣಿಯಕ್ಕನನ್ನು ಯಾರೂ ಏನೂ ಕೇಳಲಿಲ್ಲ. ಆಕೆಗಾಗಿಯೇ ಮಾಡುತ್ತಿರುವಾಗ ಕೇಳುವುದೇನು ಎಂದುಕೊಂಡಿರಬೇಕು.

ಮತದಾನದ ದಿನ ಗಂಡಸರೆಲ್ಲ ಡೇರಿಯ ಕಟ್ಟೆಯ ಮೇಲೆ ಕೂತಿದ್ದರು. ಶಾಲೆಯ ಒಳಗೆ ಮಷೀನು ಇಟ್ಟುಕೊಂಡು ಕೂತವರಿಗೆ ಬೆಳಗಿನಿಂದ ಕೆಲಸವಿರಲಿಲ್ಲ. ತಹಶೀಲ್ದಾರರು ಬಂದು ಬೇಡಿಕೊಂಡು ಹೋಗಿದ್ದರು. ನಾನು ಹಾಲಿನ ಕ್ಯಾನು ತೊಳೆಯುವ ನೆಪದಲ್ಲಿ ಅಲ್ಲೇ ನಿಂತಿದ್ದೆ.

ಬಿಸಿಲೇರಿದ ಮೇಲೆ ಗಿರಣಿಯಕ್ಕ ಬಾಗಿಲೆಳೆದುಕೊಂಡು ಹೊರಗೆ ಬಂದಳು. ಕೈಗಂಟಿದ ಹಿಟ್ಟು ತೊಳೆದುಕೊಂಡಿದ್ದಳು. ನೇರ ಶಾಲೆಯ ಕಡೆ ನಡೆದಳು. ಭಾವ ಎದ್ದು ನಿಂತರು.

"ಎಲ್ಲಿಗಮ್ಮ?"

"ಓಟು ಹಾಕಕ್ಕೆ."

"ನಿನ್ ಗಂಡನ ಸಲುವಾಗೇ ಊರು ಕೂತೈತೆ ಕಣಮ್ಮ."

"ಗೊತ್ತೈತಣ್ಣ. ನೀವು ಕೂತ್ಕಳಿ, ನಾನು ಬ್ಯಾಡ ಅನ್ನಕಿಲ್ಲ. ನಾನು ಹೋಯ್ತೀನಿ, ನೀವೂ ಬ್ಯಾಡ ಅನ್ಬೇಡಿ."

ಭಾವ ದಾರಿ ಬಿಟ್ಟರು. ಹಿಂದಿನಿಂದ ಯಾರೋ, "ಯಾರ ತಾವ ದುಡ್ಡು ಈಸ್ಕಂಡ್ಳೋ ಏನೋ, ಊರ್ ಮರ್ಯಾದೆ ತೆಗ್ದುಬುಟ್ಳು" ಅಂದರು. ಆಕೆ ತಿರುಗಲಿಲ್ಲ. ಆಕೆ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಮಷೀನಿನ ಸದ್ದು ಕೇಳಿಸಿತು. ಆ ಮೌನದಲ್ಲಿ ಅದು ರಸ್ತೆಯವರೆಗೂ ಬಂತು.

ಮರುದಿನದಿಂದ ಗಿರಣಿಗೆ ಜನ ಹೋಗುವುದು ನಿಂತಿತು. ಯಾರೂ ಹೋಗಬೇಡಿ ಅಂದಿರಲಿಲ್ಲ, ಹೋಗಲಿಲ್ಲ ಅಷ್ಟೇ. ಕುಂದೂರಿಗೆ ಹೋಗುವವರ ಕೈಯಲ್ಲಿ ರಾಗಿ ಕಳಿಸುತ್ತಿದ್ದರು. ನಮ್ಮ ಮನೆಯಿಂದಲೂ ಹಾಗೇ. ಆಕೆ ದಿನವೂ ಬಾಗಿಲು ತೆರೆದು ಕೂರುತ್ತಿದ್ದಳು. ನಾನು ನೀರಿಗೆ ಹೋಗುವಾಗ ನಿಂತು ಮಾತಾಡಿಸುತ್ತಿದ್ದೆ.

"ಒಳಕ್ಕೆ ಹೋದೆ ಕಣೇ," ಎಂದು ಒಮ್ಮೆ ತಾನೇ ಹೇಳಿ ನಕ್ಕಳು, "ಎಲ್ರೂ ಎದ್ದು ನಿಂತ್ಕಂಬುಟ್ರು. ಪೊಲೀಸಪ್ಪನೂ. ಮದ್ವೆ ಹೆಣ್ಣು ಬಂದಂಗೆ!"

ಒಂದೇ ಓಟು ಬಿದ್ದ ಬೂತಿನಲ್ಲಿ ಗುಟ್ಟು ಉಳಿಯುವುದಿಲ್ಲ ಎನ್ನುವುದು ನಮಗೆ ಹೊಳೆದಿರಲಿಲ್ಲ. ಎಣಿಕೆಯ ದಿನ ಹಾಸನಕ್ಕೆ ಹೋಗಿದ್ದವರು ಸುದ್ದಿ ತಂದರು. ನಮ್ಮ ಊರಿನ ಮಷೀನು ತೆರೆದಾಗ ಗೆದ್ದವರಿಗೂ ಸೊನ್ನೆ, ಸೋತ ದೊಡ್ಡವರಿಗೂ ಸೊನ್ನೆ. ಬಕೆಟ್ಟಿಗೆ ಒಂದು. ಎಣಿಕೆಯ ಕೋಣೆಯಲ್ಲಿ ಜನ ನಕ್ಕರಂತೆ.

ಆ ಕಂಡಕ್ಟರಿಂದ ಈಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆ ಸಂಜೆ ಡೇರಿಯ ಕಟ್ಟೆಯಿಂದ ಭಾವ ಮನೆಗೆ ಬಂದು ಕೈಕಾಲು ತೊಳೆದು, ಊಟಕ್ಕೆ ಕೂತು, ನನ್ನ ಕಡೆ ನೋಡದೆ ಹೇಳಿದರು: "ನಾಳೆ ರಾಗಿ ಗಿರಣಿಗೆ ತಗಂಡೋಗಮ್ಮ. ಕುಂದೂರಿನೋನು ತರಿತರಿ ಬೀಸ್ತಾನೆ." ನಮ್ಮ ಮನೆಯ ರಾಗಿ ಹೋದದ್ದು ನೋಡಿ ಉಳಿದವರೂ ಹೋದರು. ಯಾರೂ ಕ್ಷಮೆ ಕೇಳಲಿಲ್ಲ. ಆಕೆಯೂ ಎತ್ತಿ ಆಡಲಿಲ್ಲ.

ನಾನು ಮಾತ್ರ ಒಮ್ಮೆ ಆ ಮಾತು ತೆಗೆದೆ. "ಅವ್ರು ಸೋಲ್ತಾರೆ ಅಂತ ಗೊತ್ತಿತ್ತಲ್ಲಕ್ಕ?"

"ಗೊತ್ತಿಲ್ದೆ ಏನು. ಅವ್ನಿಗೂ ಗೊತ್ತಿತ್ತು."

"ಮತ್ತೆ?"

"ಗೆಲ್ಲೋನಿಗೇ ಹಾಕಕ್ಕೆ ಅದೇನು ಕುದ್ರೆ ಜೂಜಾ?" ಅಂದಳು. ನನ್ನ ಚೀಲದ ಬಾಯಿ ಬಿಚ್ಚುತ್ತಾ, "ಅಷ್ಟು ಜನ ಬಂದ್ರಲ್ಲ ತಂಗಿ, ಲೈಟಿತ್ತಾ ಅಂತ ಅವ್ನೊಬ್ನೇ ಕೇಳಿದ್ದು. ಅವ್ನಿಗೆ ಒಂದಾದ್ರೂ ಬೀಳ್ಲಿ ಅನ್ನಿಸ್ತು" ಅಂದಳು. ಆಮೇಲೆ ಇನ್ನೇನೋ ಹೇಳಹೊರಟಳು... ಕರೆಂಟು ಬಂತು, ಗಿರಣಿ ಶುರುವಾಯಿತು.

ಕಂಡಕ್ಟರು ಸೋತ ಮೇಲೂ ಒಮ್ಮೆ ಬಂದಿದ್ದರು. ಅರ್ಜಿ ಬರೆದುಕೊಂಡು ಕಚೇರಿಗಳಿಗೆ ಅಲೆದರು. ಬಹಳ ತಿಂಗಳ ಮೇಲೆ ಮೋರಿಯ ಕಂಬಕ್ಕೆ ಬಲ್ಬು ಬಂತು. ಅದು ಅವರ ಅರ್ಜಿಯಿಂದಲೋ, ನಮ್ಮ ಬಹಿಷ್ಕಾರದಿಂದಲೋ ಎಂದು ಊರಿನಲ್ಲಿ ಸ್ವಲ್ಪ ಕಾಲ ವಾದ ನಡೆಯಿತು. ಬಲ್ಬು ಎರಡು ಮಳೆಗಾಲ ಉರಿಯಿತು. ಆನೆ ತಡೆಯುವ ರೈಲುಕಂಬಿಯ ಬೇಲಿಯೂ ಒಂದಷ್ಟು ದೂರ ಬಂದು ನಿಂತಿತು. ಬೇಲಿ ಮುಗಿದ ಜಾಗವನ್ನು ಆನೆಗಳು ಬೇಗ ಕಲಿತುಕೊಂಡವು.

ನಾವು ಸಕಲೇಶಪುರಕ್ಕೆ ಬಂದೆವು. ಗಿರಣಿಯಕ್ಕನಿಗೆ ಉಸಿರಿನ ಕಾಯಿಲೆ ಹಿಡಿಯಿತು. ಹಿಟ್ಟಿನ ಧೂಳೇ ಕಾರಣವಿರಬಹುದು ಎಂದು ಡಾಕ್ಟರು ಹೇಳಿದರಂತೆ. ಮಗಳು ಆಲೂರಿಗೆ ಕರೆದುಕೊಂಡು ಹೋದಳು. ಹೋದ ವರ್ಷ ಮಳೆ ಹಿಡಿಯುವ ಮೊದಲು ಗಿರಣಿಯಕ್ಕ ತೀರಿಕೊಂಡಳು. ಸುದ್ದಿ ನನಗೆ ತಡವಾಗಿ ತಿಳಿಯಿತು. ಕೊನೆಯ ಸಲ ಯಾವಾಗ ನೋಡಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಸ್ಪಷ್ಟವಾಗುವುದಿಲ್ಲ...

ಈಗ ಮತ್ತೆ ಚುನಾವಣೆ. ಆನೆ ಎಲ್ಲಿದೆ ಎನ್ನುವ ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬರುತ್ತದೆ. ನನ್ನ ಹೆಸರು ಇನ್ನೂ ಆ ಊರಿನ ಬೂತಿನಲ್ಲೇ ಇದೆ. ಭಾನುವಾರ ಭಾವನನ್ನು ನೋಡಲು ಹೋದಾಗ ಅವರ ಮನೆಯ ಜಗಲಿಯಲ್ಲಿ ಸಭೆ ಸೇರಿತ್ತು. ಹಿಂದಿನ ತಿಂಗಳು ತೋಟದ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬಳನ್ನು ಆನೆ ತುಳಿದಿತ್ತು. ಈ ಸಲವೂ ಓಟು ಬೇಡ ಎಂದು ಹುಡುಗರು ಹೇಳುತ್ತಿದ್ದರು. ಎಲ್ಲರೂ ಹೂಂ ಅಂದರು.

ಭಾವನಿಗೆ ಈಗ ಎದ್ದು ನಿಲ್ಲಲು ಕೋಲು ಬೇಕು. ಕೂತಲ್ಲಿಂದಲೇ, "ಯಾರಾದ್ರೂ ಹಾಕ್ಬೇಕು ಅನ್ನೋರಿದ್ರೆ ಈಗ್ಲೇ ಹೇಳ್ಬುಡಿ ಕಣ್ರಪ್ಪ. ಯಾರೂ ಏನೂ ಅನ್ನಕಿಲ್ಲ" ಅಂದರು.

ಭಾವ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದರು. ಹೆಂಗಸರು ಕೂತಿದ್ದ ಕಡೆಗೂ ನೋಡಿದರು, ಅಲ್ಲಿ ತುಸು ಹೆಚ್ಚು ಹೊತ್ತು. ನಾನೂ ಅಲ್ಲೇ ಕೂತಿದ್ದೆ. "ಹಂಗಾದ್ರೆ ಸರಿ" ಎಂದು ಅವರು ಕೋಲಿಗೆ ಕೈ ಚಾಚಿದರು.